ಎರಡನೇ ಕೆಂಪು ಪಟ್ಟೆ

ಪ್ರೀತಿಯ ಗೆಳೆಯಾ,

ಪುಟ್ಟಿಯ ಸ್ವೆಟರ್ ಎದೆಯವರೆಗೂ ಬಂದಿದೆ. ಕೆಂಪು, ಹಳದಿ, ನೀಲಿ, ಬಿಳಿ, ಮತ್ತೆ ಕೆಂಪು. ಹಸಿರು ಯಾಕಿಲ್ಲ ಅಂತ ನೀನು ಕೇಳುವುದಿಲ್ಲ, ಗೊತ್ತು. ಆ ಕೊಡೆಯನ್ನು ನಾವಿಬ್ಬರೂ ಮರೆಯುವ ಹಾಗಿಲ್ಲ.

ಕತ್ತಿನಿಂದ ಕೆಳಕ್ಕೆ ಹೆಣೆಯುತ್ತಿದ್ದೇನೆ. ಮಕ್ಕಳು ಅಗಲಕ್ಕಿಂತ ಉದ್ದಕ್ಕೆ ಬೇಗ ಬೆಳೆಯುತ್ತಾರಲ್ವಾ? ಮುಂದಿನ ವರ್ಷ ಕೆಳಗಿನ ಬಾರ್ಡರ್ ಬಿಚ್ಚಿ ಇನ್ನೆರಡು ಪಟ್ಟೆ ಸೇರಿಸಿದರೆ ಆಯಿತು. ಮುಂಭಾಗ ಪೂರ್ತಿ ತೆರೆದು ಗುಂಡಿ ಇಡುತ್ತೇನೆ. ಪುಟ್ಟ ಮಕ್ಕಳಿಗೆ ಮೈಗೆ ಹೋಲಿಸಿದರೆ ತಲೆ ದೊಡ್ಡದು. ಬಿಗಿ ಕತ್ತಿನ ಸ್ವೆಟರ್ ತಲೆಯ ಮೇಲಿಂದ ಹಾಕಲು ಹೋದರೆ ಅಳುವೇ.

4 ಮಿ.ಮೀ. ಕಡ್ಡಿ. ಮೊದಲು ಒಂದು ತುಂಡು ಹೆಣೆದು ಅಳೆದಿದ್ದೆ. 10 ಸೆಂ.ಮೀ. ಅಗಲಕ್ಕೆ 22 ಕುಣಿಕೆ, ಅಷ್ಟೇ ಎತ್ತರಕ್ಕೆ 28 ಸಾಲು. ಪ್ರತಿ ಪಟ್ಟೆಗೂ ಆರು ಸಾಲು. ಸರಿಸಂಖ್ಯೆ ಆದರೆ ಬಣ್ಣ ಯಾವಾಗಲೂ ಸೀದಾ ಬದಿಯಲ್ಲೇ ಬದಲಾಗುತ್ತದೆ, ಗೆರೆ ನೀಟಾಗಿ ಕೂರುತ್ತದೆ.

ನಿನ್ನೆ ರಾತ್ರಿ ಹಾಸಿಗೆ ಮೇಲೆ ಹರಡಿ ನೋಡಿದೆ. ಎರಡನೇ ಕೆಂಪು ಪಟ್ಟೆ ಮೊದಲನೆಯದಕ್ಕಿಂತ ಸಣ್ಣದು. ಮೂರು ಸಲ ಎಣಿಸಿದೆ. ಆರೇ ಸಾಲು. ಟೇಪ್ ಹಿಡಿದರೆ 2 ಸೆಂ.ಮೀ. ಕೂಡ ಇಲ್ಲ. ಅದೇ ಕಡ್ಡಿ, ಅದೇ ಉಂಡೆ. ಕೈ ಮಾತ್ರ ಬಿಗಿಯಾಗಿತ್ತು.

ಅದು ಯಾವ ವಾರ ಅಂತ ತಕ್ಷಣ ಗೊತ್ತಾಯಿತು. ನಿನ್ನ ಅಪ್ಪನ ಬಗ್ಗೆ ನೀನು ಆಸ್ಪತ್ರೆಯಿಂದ ಮೆಸೇಜ್ ಕಳಿಸಿದ್ದೆಯಲ್ಲ, ಆ ವಾರ. ಬಂದ ಕೂಡಲೇ ಓದಿದ್ದೆ ಕಣೋ. ಆಮೇಲೆ ನೆಟ್‌ವರ್ಕ್ ಇರಲಿಲ್ಲ ಅಂದೆ. ಇತ್ತು. ಏನು ಬರೆಯಬೇಕು ಅಂತ ತೋಚದೆ ಕಡ್ಡಿ ಕೈಗೆತ್ತಿಕೊಂಡೆ. ಒಂಬತ್ತು ದಿನ ಹಾಗೇ ಕಳೆದೆ. ಇಷ್ಟೇ ಆಗಿದ್ದರೆ ಹೇಳುವುದು ಸುಲಭ. ಸ್ವೆಟರ್ ಚೆನ್ನಾಗಿ ಬಂದರೆ ನಿನ್ನ ಹತ್ತಿರ ಕ್ಷಮೆ ಕೇಳುವುದು ತಪ್ಪುತ್ತದೆ ಅಂತ ಒಳಗೊಳಗೇ ಅಂದುಕೊಂಡಿದ್ದೆ. ಮಗುವಿನ ಬಟ್ಟೆಯನ್ನು ಅಡ್ಡ ಇಟ್ಟುಕೊಂಡೆ. ತಪ್ಪಾಯಿತು. ಆ ದಿನಗಳಲ್ಲಿ ನಿನ್ನ ಜೊತೆ ನಾನು ಇರಬೇಕಿತ್ತು.

ಇಷ್ಟೆಲ್ಲ ಎಲ್ಲರೂ ಓದುವ ಕಡೆ ಬರೆಯಬೇಕು ಅಂತ ಕೂತಿರಲಿಲ್ಲ. ಬರೆದಾಯಿತು, ಇರಲಿ.

ಪಟ್ಟೆಯನ್ನು ಬಿಚ್ಚಿಲ್ಲ. ತಣ್ಣೀರಲ್ಲಿ ನೆನೆಸಿ, ಹರಡಿ ಒಣಗಿಸಿದರೆ ಸ್ವಲ್ಪ ಹಿಗ್ಗುತ್ತದೆ. ಪೂರ್ತಿ ಸರಿಹೋಗುವುದಿಲ್ಲ. ಕೆಂಪು ಬಣ್ಣ ಬಿಳಿಗೆ ಹತ್ತುತ್ತದಾ ಅಂತ ಮೊದಲೇ ಒಂದು ಎಳೆ ನೆನೆಸಿ ನೋಡಿದ್ದೇನೆ, ಹೆದರಬೇಡ.

ಈಗ ತೋಳು ಶುರು ಮಾಡಬೇಕು. ಪುಟ್ಟಿಯ ಕಂಕುಳಿಂದ ಮಣಿಕಟ್ಟಿನವರೆಗೆ ಅಳತೆ ಬೇಕು. ನನ್ನ ಹತ್ತಿರ ಇರುವುದು ಹೋದ ವರ್ಷದ್ದು. ಮೆಸೇಜ್ ಮಾಡಬೇಡ, ಇವತ್ತು ರಾತ್ರಿ ನಾನೇ ಫೋನ್ ಮಾಡುತ್ತೇನೆ. ಟೇಪ್ ಇಟ್ಟುಕೊಂಡಿರು. ಗುಂಡಿ ಯಾವ ಬಣ್ಣ ಅಂತ ಅವಳನ್ನೇ ಕೇಳೋಣ.

ಹಸಿರು ಅಂದರೆ ಮಾತ್ರ ಆ ಕೊಡೆಯ ಕಥೆಯನ್ನು ನೀನೇ ಹೇಳಬೇಕು.

ನಿನ್ನ,
ಎರಡನೇ ಬೆಂಚು