ಆರು ತಿಂಗಳ ಸ್ಥಿರ ಬೆಲೆ ಮತ್ತು ಹೊಸ ಸಾಗಣೆ ಶುಲ್ಕದ ಕುರಿತು ಗ್ರಾಹಕರಿಗೆ ಪತ್ರ

ಫ್ರಾಂಕ್‌ಫರ್ಟ್, 22 ಡಿಸೆಂಬರ್ 2025

ಮಾನ್ಯ ಗ್ರಾಹಕರೇ,

ಇದುವರೆಗೆ ಪ್ರತಿ ತಿಂಗಳೂ ಬದಲಾಗುತ್ತಿದ್ದ ನಮ್ಮ ದಿನಸಿ ಬೆಲೆಪಟ್ಟಿಯನ್ನು 2026ರ ಜನವರಿ 1ರಿಂದ ಜೂನ್ 30ರವರೆಗೆ ಸ್ಥಿರವಾಗಿಡಲು ನಿರ್ಧರಿಸಿದ್ದೇವೆ. ರಾಗಿ ಹಿಟ್ಟು, ಸೋನಾ ಮಸೂರಿ ಅಕ್ಕಿ ಹಾಗೂ ಸಾಂಬಾರ್ ಪುಡಿಯ ಬೆಲೆ ಕೊಂಚ ಇಳಿಯಲಿದೆ. ಮನೆಗೆ ತಲುಪಿಸುವ ಶುಲ್ಕ ಮಾತ್ರ ಪಾರ್ಸೆಲ್ ಒಂದಕ್ಕೆ 4.90 ಯೂರೋದಿಂದ 5.60 ಯೂರೋಗೆ ಏರಲಿದೆ.

ತಿಂಗಳಿಗೊಮ್ಮೆ ಬೆಲೆ ತಿದ್ದುವ ರೂಢಿ ಶುರುವಾದದ್ದು 2022ರಲ್ಲಿ. ಆ ವರ್ಷದ ಅಕ್ಟೋಬರ್‌ನಲ್ಲಿ ಯೂರೋ ವಲಯದ ಹಣದುಬ್ಬರ ಶೇ 10.6ಕ್ಕೆ ಮುಟ್ಟಿತ್ತು, ಹಡಗಿನಲ್ಲಿ ಬಂದ ಸರಕನ್ನು ಗೋದಾಮಿನಲ್ಲಿ ಇಳಿಸಿಕೊಳ್ಳುವಷ್ಟರಲ್ಲಿ ವಿದ್ಯುತ್, ಡೀಸೆಲ್, ರಟ್ಟಿನ ಪೆಟ್ಟಿಗೆ ಎಲ್ಲದರ ದರವೂ ಮೇಲೇರಿರುತ್ತಿತ್ತು. ಈಗ ಹಣದುಬ್ಬರ ಶೇ 2ರ ಆಸುಪಾಸಿಗೆ ಬಂದಿದೆ. ಯುರೋಪಿಯನ್ ಸೆಂಟ್ರಲ್ ಬ್ಯಾಂಕ್ ಕಳೆದ ವಾರ ಪ್ರಕಟಿಸಿದ ಅಂದಾಜಿನಂತೆ 2026ರಲ್ಲಿ ಹಣದುಬ್ಬರ ಶೇ 1.9, ಆರ್ಥಿಕ ಬೆಳವಣಿಗೆ ಶೇ 1.2 ಇರಲಿದೆ. ಬೆಳವಣಿಗೆ ಮಂದವೇ ಸರಿ, ಆದರೆ ಆರು ತಿಂಗಳ ಬೆಲೆಯನ್ನು ಮುಂಚಿತವಾಗಿ ಹೇಳುವ ಧೈರ್ಯಕ್ಕೆ ಇಷ್ಟು ಸಾಕು. ಒಂದು ಕಾಲಕ್ಕೆ ಶೇ 4ಕ್ಕೆ ಏರಿದ್ದ ಆ ಬ್ಯಾಂಕಿನ ಠೇವಣಿ ದರ (ಇತರ ಬ್ಯಾಂಕುಗಳು ಅಲ್ಲಿ ಇಡುವ ಹಣಕ್ಕೆ ಅದು ಕೊಡುವ ಬಡ್ಡಿ) ಈ ಜೂನ್‌ನಿಂದ ಶೇ 2ರಲ್ಲಿ ನಿಂತಿರುವುದರಿಂದ, ಸರಕು ತರಿಸಲು ನಾವು ಮಾಡಿದ ಸಾಲದ ಬಡ್ಡಿಯೂ ತಗ್ಗಿದೆ.

ದಿನಸಿಯ ಬೆಲೆ ಇಳಿಸಲು ಮುಖ್ಯ ಕಾರಣ ರೂಪಾಯಿ. ಊರಿಗೆ ಹಣ ಕಳುಹಿಸುವ ನಿಮಗೆ ತಿಳಿದೇ ಇರುವಂತೆ, ವರ್ಷದ ಆರಂಭದಲ್ಲಿ 90 ರೂಪಾಯಿಗಿಂತ ಕಡಿಮೆಯಿದ್ದ ಯೂರೋ ಈಗ 100 ದಾಟಿದೆ. ತುಮಕೂರಿನ ಗಿರಣಿಗೆ ನಾವು ರೂಪಾಯಿಯಲ್ಲೇ ಹಣ ಕೊಡುತ್ತೇವಾದ್ದರಿಂದ ಅದೇ ಮೂಟೆ ನಮಗೆ ಅಗ್ಗವಾಗಿದೆ. ಆ ಉಳಿತಾಯ ನಿಮಗೆ ಸಲ್ಲಬೇಕೆಂಬುದು ನಮ್ಮ ನಿಲುವು.

ಶುಲ್ಕದ ಲೆಕ್ಕ ಬೇರೆ. ಜರ್ಮನಿಯ ಕನಿಷ್ಠ ವೇತನ ಜನವರಿಯಿಂದ ಗಂಟೆಗೆ 12.82 ಯೂರೋದಿಂದ 13.90 ಯೂರೋಗೆ ಏರುತ್ತದೆ. ಗೋದಾಮಿನಲ್ಲಿ 25 ಕಿಲೋ ಮೂಟೆ ಬಿಚ್ಚಿ, ಹಿಟ್ಟು ಜರಡಿ ಹಿಡಿದು, ಕಿಲೋ ಲೆಕ್ಕದಲ್ಲಿ ತೂಗಿ, ನಿಮ್ಮ ಹೆಸರಿನ ಚೀಟಿ ಅಂಟಿಸುವ ಇಬ್ಬರಿಗೆ ಈ ಹೆಚ್ಚಳ ನ್ಯಾಯವಾಗಿಯೇ ಸಿಗಬೇಕಾದದ್ದು.

ನಿಮ್ಮಲ್ಲಿ ಹಲವರು ದುಡಿಯುವ ಕಾರು ಕಂಪನಿಗಳಿಗೆ ಅಮೆರಿಕದ ಶೇ 15ರ ಸುಂಕದ ಬಿಸಿ ತಟ್ಟಿದೆ. 2023 ಮತ್ತು 2024ರಲ್ಲಿ ಸತತವಾಗಿ ಕುಗ್ಗಿದ ಜರ್ಮನಿಯ ಆರ್ಥಿಕತೆ, ಸರ್ಕಾರದ 50 ಸಾವಿರ ಕೋಟಿ ಯೂರೋ ಮೂಲಸೌಕರ್ಯ ನಿಧಿಯಿಂದ ಚೇತರಿಸಿಕೊಳ್ಳಬಹುದೆಂಬ ನಿರೀಕ್ಷೆಯಿದ್ದರೂ, ಕೆಲಸದ ಚಿಂತೆ ಇರುವ ಮನೆಗೆ ಅಕ್ಕಿಯ ಬೆಲೆಯಾದರೂ ಮೊದಲೇ ಗೊತ್ತಿರಲಿ ಎಂಬ ಕಾಳಜಿಯಿಂದಲೂ ಈ ತೀರ್ಮಾನ ಕೈಗೊಂಡೆವು. ನಡುವೆ ಯೂರೋ ಕುಸಿದರೂ ಜೂನ್ 30ರವರೆಗೆ ಪಟ್ಟಿ ಬದಲಾಗದು.

ಜನವರಿ 1ರಂದು ಬಲ್ಗೇರಿಯ ಯೂರೋ ವಲಯ ಸೇರುತ್ತಿರುವುದರಿಂದ, ಸೋಫಿಯಾದ ಗ್ರಾಹಕರು ಇನ್ನು ತಮ್ಮ ದೇಶದ ಹಣವಾದ ಲೆವ್‌ನ ವಿನಿಮಯದ ಖರ್ಚಿಲ್ಲದೆ ನೇರವಾಗಿ ಪಾವತಿಸಬಹುದು. ಡಿಸೆಂಬರ್ 31ರ ರಾತ್ರಿಯೊಳಗೆ ಬಂದ ಆರ್ಡರ್‌ಗಳಿಗೆ ಹಳೆಯ ಸಾಗಣೆ ಶುಲ್ಕವೇ ಅನ್ವಯಿಸುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
ವ್ಯವಸ್ಥಾಪಕರು