ನಾಯಿಯ ಕಾಯಿಲೆ, ಚರಂಡಿಯ ನೀರು, ಮನುಷ್ಯರ ಜ್ವರ: ಮೂರನ್ನೂ ಒಟ್ಟಿಗೆ ನೋಡುವಂತೆ ಕೋರಿ ಮನವಿ

ಇವರಿಗೆ:
ಮಾನ್ಯ ಆಯುಕ್ತರು,
ನಗರ ಪಾಲಿಕೆ

ಇಂದ:
ಬಡಾವಣೆಯ ನಿವಾಸಿಗಳು

ವಿಷಯ: ಆಸ್ಪತ್ರೆ, ಪಶುವೈದ್ಯ, ಕಸ, ಚರಂಡಿ ಮತ್ತು ನೀರು ಸರಬರಾಜು ವಿಭಾಗದವರು ವಾರಕ್ಕೊಮ್ಮೆ ಒಟ್ಟಿಗೆ ಕೂತು ಕಾಯಿಲೆಗಳ ಮಾಹಿತಿ ಹಂಚಿಕೊಳ್ಳುವ ಬಗ್ಗೆ.

ಮಾನ್ಯರೇ,

ಕಳೆದ ಮಳೆಗಾಲದಲ್ಲಿ ನಮ್ಮ ರಸ್ತೆಯಲ್ಲಿ ಏನಾಯಿತು ಅನ್ನೋದನ್ನು ಮೊದಲು ಹೇಳುತ್ತೇವೆ. ಈ ಮನವಿ ಹುಟ್ಟಿದ್ದೇ ಅಲ್ಲಿಂದ.

ಒಂದು ರಾತ್ರಿ ಜೋರು ಮಳೆಗೆ ಚರಂಡಿ ಉಕ್ಕಿ, ತಿರುವಿನಲ್ಲಿ ಮೂರು ದಿನ ನೀರು ನಿಂತಿತು. ಮುಂದಿನ ವಾರ ಮೂಲೆ ಮನೆಯ ಸಾಕುನಾಯಿ ಊಟ ಬಿಟ್ಟಿತು. ವಾಂತಿ ಶುರುವಾಯಿತು. ಅದರ ಕಣ್ಣು, ಒಸಡು ಅರಿಶಿನ ಬಳಿದ ಹಾಗೆ ಹಳದಿಯಾಗಿದ್ದವು. ಪಶುವೈದ್ಯರು ರಕ್ತ ಪರೀಕ್ಷೆ ಮಾಡಿಸಿ, ಇದು ಇಲಿ ಜ್ವರ ಅಂದರು. ಐದನೇ ದಿನಕ್ಕೆ ಅದು ಸತ್ತಿತು. ಅದೇ ವಾರ ಮೋರಿಯ ಪಕ್ಕದಲ್ಲಿ ಒಂದು ಬೀದಿನಾಯಿಯೂ ಸತ್ತು ಬಿದ್ದಿತ್ತು.

ನಾವು ಮೊಬೈಲಿನಲ್ಲಿ ದೂರು ಹಾಕಿದೆವು. ದೂರಿನ ಪಟ್ಟಿಯಲ್ಲಿ ಯಾವುದಾದರೂ ಒಂದನ್ನು ಮಾತ್ರ ಆರಿಸಬೇಕು: ಸತ್ತ ಪ್ರಾಣಿ, ಚರಂಡಿ, ಇಲ್ಲವೇ ಆರೋಗ್ಯ. 'ಸತ್ತ ಪ್ರಾಣಿ' ಒತ್ತಿದೆವು. ಎರಡು ಗಂಟೆಯೊಳಗೆ ಗಾಡಿ ಬಂತು. ಸಿಬ್ಬಂದಿ ನಾಯಿಯನ್ನು ಎತ್ತಿ, ಜಾಗಕ್ಕೆ ಬ್ಲೀಚಿಂಗ್ ಪುಡಿ ಹಾಕಿ ಹೋದರು. ಅವರ ಕೆಲಸವನ್ನು ಅವರು ಚೆನ್ನಾಗಿಯೇ ಮಾಡಿದರು. ಸಂಜೆ ಮೊಬೈಲಿಗೆ ಸಂದೇಶ ಬಂತು, 'ನಿಮ್ಮ ದೂರು ಪರಿಹಾರವಾಗಿದೆ' ಅಂತ. ಆ ನಾಯಿ ಯಾಕೆ ಸತ್ತಿತು ಅಂತ ಯಾರೂ ಕೇಳಲಿಲ್ಲ. ಕೇಳುವ ಕೆಲಸ ಯಾರದ್ದೂ ಆಗಿರಲಿಲ್ಲ.

ಹತ್ತು ದಿನ ಕಳೆಯಿತು. ನಮ್ಮ ಚರಂಡಿ ಸ್ವಚ್ಛ ಮಾಡುವ ಪೌರಕಾರ್ಮಿಕರೊಬ್ಬರಿಗೆ ಜ್ವರ ಬಂತು. ಕಣ್ಣು ಕೆಂಪು, ಮೀನಖಂಡದಲ್ಲಿ ನಿಲ್ಲೋಕಾಗದಷ್ಟು ನೋವು. ನಾಲ್ಕು ದಿನ ಸುಮ್ನೆ ಜ್ವರದ ಮಾತ್ರೆ ನುಂಗಿ ಕೆಲಸಕ್ಕೂ ಬಂದರು. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಮೂತ್ರ ಕಟ್ಟಲು ಶುರುವಾಗಿತ್ತು. ದೇವರ ದಯೆ, ಬದುಕಿ ಬಂದರು. ಎರಡು ವಾರದ ಹಿಂದೆ ಅದೇ ರಸ್ತೆಯಲ್ಲಿ ಅದೇ ರೋಗಕ್ಕೆ ನಾಯಿ ಸತ್ತಿದೆ ಅನ್ನುವುದು ಅಲ್ಲಿನ ಡಾಕ್ಟರಿಗೆ ಗೊತ್ತಿರಲಿಲ್ಲ. ಪಶುವೈದ್ಯರಿಗೆ ಗೊತ್ತಿತ್ತು. ಚರಂಡಿ ಉಕ್ಕಿದ್ದು ಇಂಜಿನಿಯರ್ ಕಚೇರಿಗೆ ಗೊತ್ತಿತ್ತು. ಮೂರು ಕಡೆ ಮೂರು ರಿಜಿಸ್ಟರ್. ಅವು ಒಂದನ್ನೊಂದು ಯಾವತ್ತೂ ನೋಡಿಲ್ಲ.

ಇಲಿ ಜ್ವರದ ದಾರಿ ನಿಮ್ಮ ಅಧಿಕಾರಿಗಳಿಗೆ ತಿಳಿದದ್ದೇ. ಲೆಪ್ಟೊಸ್ಪೈರಾ ಅನ್ನುವ ಬ್ಯಾಕ್ಟೀರಿಯಾ ಇಲಿಯ ಮೂತ್ರಪಿಂಡದಲ್ಲಿ ಇರುತ್ತದೆ. ಇಲಿಗೆ ಏನೂ ಆಗಲ್ಲ. ಅದರ ಮೂತ್ರ ಸೇರಿದ ನೀರು, ಒದ್ದೆ ಮಣ್ಣು ನಮ್ಮ ಕಾಲಿನ ಗಾಯಕ್ಕೆ, ಕಣ್ಣಿಗೆ, ಬಾಯಿಗೆ ತಗುಲಿದರೆ ಸೋಂಕು ಬರುತ್ತದೆ. ಜ್ವರ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 5ರಿಂದ 14 ದಿನ ಬೇಕು. 2015ರಲ್ಲಿ ಪ್ರಕಟವಾದ ಒಂದು ಅಂದಾಜಿನ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಜನರಿಗೆ ಇದು ಬರುತ್ತದೆ, 58 ಸಾವಿರಕ್ಕೂ ಜಾಸ್ತಿ ಜನ ಸಾಯುತ್ತಾರೆ. ಬೇಗ ಗೊತ್ತಾದರೆ ಸಾಮಾನ್ಯ ಆಂಟಿಬಯಾಟಿಕ್‌ನಲ್ಲೇ ವಾಸಿಯಾಗುವ ಕಾಯಿಲೆ ಇದು. ಆದರೆ ಶುರುವಿನಲ್ಲಿ ಡೆಂಗಿ ಥರಾನೋ ಮಾಮೂಲಿ ಜ್ವರದ ಥರಾನೋ ಕಾಣುತ್ತದೆ. ಅನುಮಾನ ಬಂದರೆ ತಾನೇ ಡಾಕ್ಟರು ಪರೀಕ್ಷೆ ಬರೆಯುವುದು? ಆ ಅನುಮಾನ ಹುಟ್ಟಿಸಲು ನಮ್ಮ ಮೂಲೆ ಮನೆ ನಾಯಿಯ ಸುದ್ದಿ ಸಾಕಾಗಿತ್ತು.

ದೊಡ್ಡ ದೊಡ್ಡ ನಗರಗಳೂ ಇಲ್ಲೇ ಎಡವಿವೆ. 1999ರ ಬೇಸಿಗೆಯಲ್ಲಿ ನ್ಯೂಯಾರ್ಕ್‌ನಲ್ಲಿ ಕಾಗೆಗಳು ರಾಶಿ ರಾಶಿ ಸತ್ತವು. ಅದೇ ಹೊತ್ತಿಗೆ ಕ್ವೀನ್ಸ್ ಭಾಗದ ಆಸ್ಪತ್ರೆಗೆ ಮಿದುಳು ಜ್ವರದ ರೋಗಿಗಳು ಬಂದರು. ಆರೋಗ್ಯ ಇಲಾಖೆಯವರು ಮೊದಲು ಅದನ್ನು ಸೇಂಟ್ ಲೂಯಿಸ್ ಎನ್ಸೆಫಲೈಟಿಸ್ ಅನ್ನುವ, ಸೊಳ್ಳೆಯಿಂದ ಬರುವ ಬೇರೊಂದು ಮಿದುಳು ಜ್ವರ ಅಂದುಕೊಂಡರು. ಬ್ರಾಂಕ್ಸ್ ಮೃಗಾಲಯದ ಪಶುವೈದ್ಯೆ ಟ್ರೇಸಿ ಮೆಕ್‌ನಮಾರಾ ಒಪ್ಪಲಿಲ್ಲ. ಆ ರೋಗಕ್ಕೆ ಹಕ್ಕಿಗಳು ಸಾಮಾನ್ಯವಾಗಿ ಸಾಯುವುದಿಲ್ಲ, ಆದರೆ ಅವರ ಮೃಗಾಲಯದಲ್ಲಿ ಫ್ಲೆಮಿಂಗೋಗಳೂ ಸಾಯುತ್ತಿದ್ದವು. ಕೊನೆಗೆ ತಿಳಿಯಿತು, ಹಕ್ಕಿಗಳನ್ನೂ ಮನುಷ್ಯರನ್ನೂ ಹಿಡಿದದ್ದು ಒಂದೇ ವೈರಸ್, ವೆಸ್ಟ್ ನೈಲ್. ಅಷ್ಟರಲ್ಲಿ ವಾರಗಳೇ ಕಳೆದಿದ್ದವು. ಆ ವರ್ಷ ಅಲ್ಲಿ 7 ಜನ ತೀರಿಕೊಂಡರು. ಆಮೇಲೆ ಸತ್ತ ಕಾಗೆಯ ಸುದ್ದಿಯನ್ನೇ ಎಚ್ಚರಿಕೆಯಾಗಿ ಬಳಸುವ ಏರ್ಪಾಡು ಅಲ್ಲಿ ಬಂತು. ಮಂಗನ ಕಾಯಿಲೆ ಇರುವ ಕಾಡಂಚಿನಲ್ಲೂ ಸತ್ತ ಮಂಗ ಕಂಡರೆ ಕೂಡಲೇ ತಿಳಿಸಿ ಅಂತಾರೆ, ಅಲ್ವಾ? ಕಾಡಿನ ಅಂಚಿನಲ್ಲಿ ಇರುವ ಆ ಎಚ್ಚರ ನಗರದ ಬೀದಿಯಲ್ಲೂ ಬೇಕು.

ಹಾಗಾಗಿ ನಮ್ಮ ಮೊದಲ ಕೋರಿಕೆ, ವಾರಕ್ಕೆ ಒಂದು ಗಂಟೆಯ ಸಭೆ. ಆಸ್ಪತ್ರೆಯಿಂದ ಒಬ್ಬರು, ಪಶುವೈದ್ಯರು ಒಬ್ಬರು, ಕಸ, ಚರಂಡಿ, ನೀರು ನೋಡುವವರು ಒಬ್ಬೊಬ್ಬರು, ಪ್ರಯೋಗಾಲಯದವರು ಒಬ್ಬರು. ಪ್ರತಿ ವಾರ ಬೇರೆ ಬೇರೆಯವರನ್ನು ಕಳಿಸಬೇಡಿ. ಮುಖ ಪರಿಚಯ ಇದ್ದರೆ ಸಭೆ ಇಲ್ಲದ ದಿನವೂ ಫೋನ್ ಮಾಡಿ ಹೇಳಿಕೊಳ್ಳುತ್ತಾರೆ. ಎಲ್ಲರೂ ತಮ್ಮ ರಿಜಿಸ್ಟರ್ ತಂದು ಒಂದೇ ನಕ್ಷೆಯ ಮೇಲೆ ಗುರುತು ಹಾಕಲಿ: ಎಲ್ಲಿ ಜ್ವರ, ಎಲ್ಲಿ ಸತ್ತ ಪ್ರಾಣಿ, ಎಲ್ಲಿ ಉಕ್ಕಿದ ಚರಂಡಿ. ರೋಗಿಯ ಹೆಸರು ಬೇಡವೇ ಬೇಡ. ರಸ್ತೆ, ತಾರೀಕು ಸಾಕು.

ಸತ್ತ ಪ್ರಾಣಿ ಎತ್ತುವ ಗಾಡಿಯವರ ಕೈಗೆ ಒಂದು ಪುಸ್ತಕ ಕೊಡಿ. ಯಾವ ಪ್ರಾಣಿ, ಎಲ್ಲಿ, ಎಷ್ಟು, ಮೈಮೇಲೆ ಗಾಯ ಇತ್ತೋ ಇಲ್ಲವೋ ಅಂತ ಬರೆದರೆ ಆಯಿತು. ಗಾಡಿಗೆ ಸಿಕ್ಕಿ ಸತ್ತ ನಾಯಿ ಬೇರೆ, ಗಾಯವೇ ಇಲ್ಲದೆ ಸತ್ತ ನಾಯಿ ಬೇರೆ. ಒಂದೇ ರಸ್ತೆಯಲ್ಲಿ ಅಂಥವು ಎರಡು ಮೂರು ಕಂಡರೆ ಅವತ್ತೇ ಪಶುವೈದ್ಯರಿಗೆ ಫೋನ್ ಹೋಗಲಿ. ಈ ಸಿಬ್ಬಂದಿ ದಿನಾ ಬೆಳಗ್ಗೆ ಊರೆಲ್ಲ ನೋಡುವವರು. ಅವರಿಗೆ ಕಾಣುವಷ್ಟು ಬೇರೆ ಯಾರಿಗೂ ಕಾಣುವುದಿಲ್ಲ. ಬೂಟು, ಕೈಗವಸು ಅವರಿಗೆ ತಪ್ಪದೆ ಸಿಗಬೇಕು. ಎಲ್ಲಾದರೂ ಇಲಿ ಜ್ವರ ಪತ್ತೆಯಾದರೆ ಆ ಸುದ್ದಿ ಮೊದಲು ಮುಟ್ಟಬೇಕಾದ್ದೂ ಅವರಿಗೇ. ಇದನ್ನು ನಾವು ಕೈಮುಗಿದು ಕೇಳುತ್ತಿದ್ದೇವೆ.

ನಾಯಿ ಕಡಿತದ ವಿಷಯದಲ್ಲೂ ಇದೇ ಕಥೆ. ಕಚ್ಚಿಸಿಕೊಂಡವರು ಗಾಯವನ್ನು 15 ನಿಮಿಷ ಸೋಪು ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಓಡುತ್ತಾರೆ, ಲಸಿಕೆ ಸಿಗುತ್ತದೆ. ಕಚ್ಚಿದ ನಾಯಿ ಎಲ್ಲಿದೆ, 10 ದಿನ ಅದರ ಮೇಲೆ ಯಾರು ಕಣ್ಣಿಡುತ್ತಾರೆ, ಅದು ಇನ್ನೆಷ್ಟು ಜನರನ್ನು ಕಚ್ಚಿದೆ ಅನ್ನುವುದು ಆಸ್ಪತ್ರೆಯ ಚೀಟಿಯಲ್ಲಿ ಇರುವುದಿಲ್ಲ. ಆ ಚೀಟಿಯ ಒಂದು ಸಾಲು ಪಶುವೈದ್ಯರಿಗೆ ತಲುಪಿದರೆ ಮುಂದಿನ ಕಡಿತ ತಪ್ಪಬಹುದು. ಮನುಷ್ಯರಿಗೆ ಬರುವ ರೇಬೀಸ್‌ನಲ್ಲಿ 100ಕ್ಕೆ 99ರಷ್ಟು ನಾಯಿಗಳಿಂದಲೇ ಬರುವುದು. ಒಂದು ಪ್ರದೇಶದ 100 ನಾಯಿಗಳಲ್ಲಿ 70ಕ್ಕೆ ಲಸಿಕೆ ಬಿದ್ದರೆ ಅದು ಹರಡುವುದು ನಿಲ್ಲುತ್ತದೆ. ಕಸದ ತೊಟ್ಟಿ ತುಂಬಿ ತುಳುಕುತ್ತಿದ್ದರೆ ಮಾತ್ರ ನಾಯಿಯೂ ಇಲಿಯೂ ಮತ್ತೆ ಮತ್ತೆ ಬರುತ್ತಲೇ ಇರುತ್ತವೆ. ಕಸದವರು ಆ ಸಭೆಯಲ್ಲಿ ಇರಲೇಬೇಕು ಅನ್ನುವುದು ಇದಕ್ಕೇ.

ನೀರಿನವರು ಯಾಕೆ ಅಂತೀರಾ? ನಲ್ಲಿ ನೀರು ಯಾವಾಗ ಬರುತ್ತೋ ಗೊತ್ತಿಲ್ಲದ ಕಡೆ ಜನ ಡ್ರಮ್ಮಿನಲ್ಲಿ ತುಂಬಿಡುತ್ತಾರೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಅದರಲ್ಲೇ ಮೊಟ್ಟೆ ಇಡುತ್ತದೆ, ವಾರ ಹತ್ತು ದಿನದಲ್ಲಿ ಹೊಸ ಸೊಳ್ಳೆಗಳು ಹಾರುತ್ತವೆ. ಹೊಗೆ ಹಾಕುವುದು ಆರೋಗ್ಯ ವಿಭಾಗದ ಕೆಲಸ, ಡ್ರಮ್ಮು ತುಂಬಿಡುವಂತೆ ಮಾಡುವುದು ನೀರಿನ ವೇಳಾಪಟ್ಟಿ.

ಇನ್ನೊಂದು ಮಾತು. ಕಾಯಿಲೆ ಇಂಥ ಪ್ರಾಣಿಯಿಂದ ಬಂತು ಅಂದ ಕೂಡಲೇ ಜನ ಕೋಲು ಹಿಡಿಯುತ್ತಾರೆ. ಮಾಹಿತಿ ಹೊರಗೆ ಹೇಳುವಾಗ ಏನು ಮಾಡಬೇಕು, ಏನು ಮಾಡಬಾರದು ಅನ್ನುವುದನ್ನೂ ಜೊತೆಗೇ ಹೇಳಿ. ನಮ್ಮ ಮೂಲೆ ಮನೆಯ ನಾಯಿ ನಮಗೆ ಕಾಯಿಲೆ ತಂದದ್ದಲ್ಲ. ಅದೇ ನೀರಿನಿಂದ ನಮಗಿಂತ ಮೊದಲು ಕಾಯಿಲೆ ಬಿದ್ದದ್ದು.

ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಇಲಾಖೆಯೂ ಬೇಡ. ನಮ್ಮ ವಾರ್ಡಿನಿಂದಲೇ ಶುರು ಮಾಡಿ, ಒಂದು ಮಳೆಗಾಲ ನಡೆಸಿ ನೋಡಿ. ನೀರು ನಿಲ್ಲುವ ಜಾಗ, ಕಸ ಬೀಳುವ ಜಾಗ, ಬೀದಿನಾಯಿಗಳ ಲೆಕ್ಕ ಇವನ್ನು ಬರೆದುಕೊಡಲು ನಮ್ಮಲ್ಲಿ ಆರು ಮಂದಿ ಒಪ್ಪಿಕೊಂಡಿದ್ದಾರೆ. ಮನೆ ಮನೆಗೆ ಹೋಗಿ ಬರೆದ ಮೊದಲ ನಕ್ಷೆಯನ್ನು ಈ ಪತ್ರದ ಜೊತೆ ಇಟ್ಟಿದ್ದೇವೆ. ಮೊದಲ ಸಭೆ ಮಳೆ ಹಿಡಿಯುವ ಮುಂಚೆಯೇ ಆಗಲಿ. ದಿನ ತಿಳಿಸಿದರೆ ನಮ್ಮ ಕಡೆಯಿಂದ ಇಬ್ಬರು ಬರುತ್ತೇವೆ. ಆ ಪೌರಕಾರ್ಮಿಕರೂ ಬಂದು ಮಾತಾಡುತ್ತೇನೆ ಅಂದಿದ್ದಾರೆ.

ಇಂತಿ ತಮ್ಮ ವಿಶ್ವಾಸಿಗಳು,
ಬಡಾವಣೆಯ ನಿವಾಸಿಗಳು