ಲೂಕಾ ಹೋದ ಮೇಲಿನ ಡಲ್ಲಾಸ್: ಗೆಳೆಯನಿಗೊಂದು ಪತ್ರ

ಜುಲೈ 2025

ಗೆಳೆಯಾ,

ನಿನ್ನ ಮೆಸೇಜು ನೋಡಿದೆ. 'ಹೋಗಲಿ ಬಿಡೋ, ಲೂಕಾ ಹೋದ, ಕೂಪರ್ ಫ್ಲ್ಯಾಗ್ ಬಂದ, ಅಲ್ಲಿಗಲ್ಲಿಗೆ ಸರಿಹೋಯ್ತು' ಅಂತ ಬರೆದಿದ್ದೀಯ. ನಮ್ಮ ಬ್ಯಾಸ್ಕೆಟ್‌ಬಾಲ್ ಟೀಮು ಡಲ್ಲಾಸ್ ಮ್ಯಾವರಿಕ್ಸ್ ತನ್ನ ದೊಡ್ಡ ಆಟಗಾರ ಲೂಕಾನನ್ನು ಬಿಟ್ಟುಕೊಟ್ಟು, ಜೂನ್‌ನ ಡ್ರಾಫ್ಟ್‌ನಲ್ಲಿ (ಎನ್‌ಬಿಎ ಲೀಗಿನ ಟೀಮುಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ) ಫ್ಲ್ಯಾಗ್‌ನನ್ನು ಆರಿಸಿಕೊಂಡಾಗಿನಿಂದ ಇಲ್ಲೂ ಸುಮಾರು ಜನರ ಬಾಯಲ್ಲಿ ಇದೇ ಮಾತು. ನನಗೆ ಮಾತ್ರ ಈ ಲೆಕ್ಕ ಒಪ್ಪಿಗೆ ಇಲ್ಲ ಕಣೋ. ವಾಟ್ಸಾಪಿನಲ್ಲಿ ಎರಡು ಸಾಲಲ್ಲಿ ಹೇಳಿ ಮುಗಿಸುವ ವಿಷಯವೂ ಅಲ್ಲ ಇದು. ಮ್ಯಾವರಿಕ್ಸ್ ಟೀಮನ್ನು ಹಚ್ಚಿಕೊಂಡ ನಮ್ಮ ಕನ್ನಡದವರು ಡಲ್ಲಾಸ್ ಸುತ್ತಮುತ್ತ ತುಂಬಾ ಜನ ಇದ್ದಾರೆ, ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೇ ಹಾಕುತ್ತಿದ್ದೇನೆ.

ಮೊದಲು ಆ ರಾತ್ರಿ ಏನೇನು ಕೈ ಬದಲಾಯಿತು ಅಂತ ನೆನಪು ಮಾಡಿಕೋ. 2025ರ ಫೆಬ್ರವರಿ 1, ಶನಿವಾರ. ಇಲ್ಲಿ ರಾತ್ರಿ ಹನ್ನೊಂದು ದಾಟಿತ್ತು, ನಿನಗೆ ಆಗಲೇ ಭಾನುವಾರ ಬೆಳಗ್ಗೆ. ಎನ್‌ಬಿಎ ಸುದ್ದಿ ಬರೆಯುವ ಪತ್ರಕರ್ತ ಶಮ್ಸ್ ಚರಾನಿಯಾ ಸುದ್ದಿ ಹಾಕಿದಾಗ ಯಾರೋ ಅವನ ಅಕೌಂಟ್ ಹ್ಯಾಕ್ ಮಾಡಿದ್ದಾರೆ ಅಂತಲೇ ಎಲ್ಲರೂ ಅಂದುಕೊಂಡಿದ್ದು. ಲೂಕಾ ಡೊನ್ಚಿಚ್, ಜೊತೆಗೆ ಮ್ಯಾಕ್ಸಿ ಕ್ಲೀಬರ್ ಮತ್ತು ಮಾರ್ಕೀಫ್ ಮಾರಿಸ್ ಲಾಸ್ ಏಂಜಲೀಸ್ ಲೇಕರ್ಸ್‌ಗೆ. ಅಲ್ಲಿಂದ ಆಂಥೊನಿ ಡೇವಿಸ್, ಮ್ಯಾಕ್ಸ್ ಕ್ರಿಸ್ಟಿ, ಮತ್ತೆ 2029ರ ಮೊದಲ ಸುತ್ತಿನ ಒಂದು ಡ್ರಾಫ್ಟ್ ಪಿಕ್ (ಹೊಸ ಆಟಗಾರನನ್ನು ಆರಿಸುವ ಹಕ್ಕು) ಡಲ್ಲಾಸ್‌ಗೆ. ನಡುವೆ ಯೂಟಾ ಜಾಜ್‌ಗೂ ಸ್ವಲ್ಪ ಪಾಲು. ಅಷ್ಟೇ. ಲೂಕಾಗೆ ಆಗ 25 ವರ್ಷ. ಹಿಂದಿನ ಸೀಸನ್‌ನಲ್ಲಿ ಪಂದ್ಯಕ್ಕೆ ಸರಾಸರಿ 33.9 ಪಾಯಿಂಟ್ ಹೊಡೆದು ಇಡೀ ಲೀಗಿಗೇ ಮೊದಲಿಗನಾಗಿದ್ದವನು, ಅಟ್ಲಾಂಟಾದಲ್ಲಿ ಒಂದೇ ಪಂದ್ಯದಲ್ಲಿ 73 ಹೊಡೆದವನು, ಟೀಮನ್ನು ಫೈನಲ್‌ವರೆಗೆ ಕರೆದುಕೊಂಡು ಹೋದವನು. ಇಂಥವನನ್ನು ಕೊಡುತ್ತೇವೆ ಅಂತ ಬೇರೆ ಟೀಮುಗಳಿಗೆ ಹೇಳಿದ್ದರೆ ಸಾಲು ನಿಲ್ಲುತ್ತಿದ್ದರು. ಯಾರಿಗೂ ಹೇಳಲಿಲ್ಲ. ಲೇಕರ್ಸ್ ಜೊತೆ ಮಾತ್ರ ಗುಟ್ಟಾಗಿ ಮಾತು ಮುಗಿಸಿದರು.

ನನಗೆ ಇವತ್ತಿಗೂ ಅರ್ಥವಾಗದ ಭಾಗ ಇದೇ. ಕೊಟ್ಟಿದ್ದು ಒಂದು ಕಡೆ ಇರಲಿ, ಕೊಟ್ಟ ರೀತಿ ನೋಡು.

ಈ ಊರಿಗೆ ಯಾಕೆ ಅಷ್ಟು ನೋವಾಯಿತು ಅಂತ ನೀನು ಕೇಳಿದ್ದೆ. ಡರ್ಕ್ ನೊವಿಟ್ಸ್‌ಕಿ ಇಲ್ಲಿ ಆಡಿದ್ದು 21 ಸೀಸನ್. ಎಲ್ಲಾ ಒಂದೇ ಟೀಮಿಗೆ. 2011ರಲ್ಲಿ ಇವರು ಗೆದ್ದ ಒಂದೇ ಒಂದು ಚಾಂಪಿಯನ್‌ಷಿಪ್ ಅವನ ಕಾಲದ್ದು. ಅವನ ಕೊನೆಯ ಸೀಸನ್, 2018-19, ಲೂಕಾನ ಮೊದಲ ಸೀಸನ್. ಒಬ್ಬ ಹೊರಡುವ ಹೊತ್ತಿಗೆ ಇನ್ನೊಬ್ಬ ಬಂದ. ಅದಕ್ಕೇ ಲೂಕಾ ಕೂಡ ಇಲ್ಲೇ ಆಡಿ ಇಲ್ಲೇ ನಿವೃತ್ತಿ ಆಗುತ್ತಾನೆ ಅಂತ ಊರವರು ಮನಸ್ಸಲ್ಲೇ ಗಟ್ಟಿ ಮಾಡಿಕೊಂಡಿದ್ದರು. 2008ರಿಂದ ಕೊಹ್ಲಿಯನ್ನು ಬಿಟ್ಟುಕೊಡದ ಊರಿನವನು ನೀನು, ಒಂದು ರಾತ್ರಿ ಮಲಗಿ ಏಳುವಷ್ಟರಲ್ಲಿ ಅವನು ಚೆನ್ನೈ ಟೀಮಿನಲ್ಲಿದ್ದಾನೆ ಅಂದರೆ ಬೆಂಗಳೂರು ಹೇಗಿರುತ್ತೆ ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ಮರುದಿನ ಜನ ಅಖಾಡದ ಹೊರಗೆ ಡರ್ಕ್ ಪ್ರತಿಮೆ ಹತ್ತಿರ ಸೇರಿದರು. ಯಾರೋ ಒಂದು ಶವಪೆಟ್ಟಿಗೆಯನ್ನೇ ತಂದಿದ್ದರು. ಲೇಕರ್ಸ್ ಪರ ಲೂಕಾ ಮೊದಲ ಪಂದ್ಯ ಆಡಿದ ದಿನ ಡರ್ಕ್ ಲಾಸ್ ಏಂಜಲೀಸ್‌ಗೇ ಹೋಗಿ ನೋಡಿದ. ಅವನು ಏನೂ ಹೇಳಬೇಕಾಗಿರಲಿಲ್ಲ, ಅಲ್ವಾ.

ಆದರೆ ನ್ಯಾಯವಾಗಿ ಮಾತಾಡೋಣ. ಈ ಟ್ರೇಡ್, ಅಂದರೆ ಆಟಗಾರರ ಅದಲುಬದಲು, ಮಾಡಿದ ಆಗಿನ ಜನರಲ್ ಮ್ಯಾನೇಜರ್ ನಿಕೊ ಹ್ಯಾರಿಸನ್‌ಗೆ ಟೀಮು ಕಟ್ಟೋಕೆ ಬರಲ್ಲ ಅಂತ ನಾನು ಹೇಳಲ್ಲ. 2023ರಲ್ಲಿ ಕೈರಿ ಅರ್ವಿಂಗ್‌ನನ್ನು ತಂದಿದ್ದು ಅವನೇ. ಆಗ ಎಷ್ಟು ಜನ ಬೇಡ ಅಂದಿದ್ದರು, ನೆನಪಿದೆಯಾ? ಮರುವರ್ಷ ಫೆಬ್ರವರಿಯಲ್ಲಿ ಪಿ.ಜೆ. ವಾಷಿಂಗ್ಟನ್, ಡ್ಯಾನಿಯಲ್ ಗ್ಯಾಫರ್ಡ್ ಬಂದರು, ಅದೇ ಟೀಮು 2024ರ ಫೈನಲ್ ಆಡಿತು. ಮಿನೆಸೋಟದಲ್ಲಿ ಮೂರು ಸೆಕೆಂಡ್ ಉಳಿದಿದ್ದಾಗ ಎದುರಾಳಿ ಟೀಮಿನ ಎತ್ತರದ ಆಟಗಾರ ಗೊಬೇರ್ ತಲೆ ಮೇಲೆ ಲೂಕಾ ಹಿಂದೆ ಜಿಗಿದು ಹೊಡೆದ ಆ ತ್ರೀ-ಪಾಯಿಂಟರ್ ನೋಡಿ ನೀನು ಬೆಳಗ್ಗೆ ಬೆಳಗ್ಗೆ ಫೋನ್ ಮಾಡಿ ಕೂಗಾಡಿದ್ದೆಯಲ್ಲ, ಆ ಟೀಮು. ಫೈನಲ್‌ನಲ್ಲಿ ಬೋಸ್ಟನ್ 4-1ರಿಂದ ಹೊಡೆದು ಹಾಕಿದ್ದು ನಿಜ. ಆದರೂ ಅಲ್ಲಿವರೆಗೆ ತಲುಪಿದ ಟೀಮನ್ನು ಎಂಟು ತಿಂಗಳಾಗುವ ಮೊದಲೇ ಬಿಚ್ಚಿ ಹಾಕುವಂಥ ಅವಸರ ಏನಿತ್ತು?

ಹ್ಯಾರಿಸನ್ ಕೊಟ್ಟ ಕಾರಣ ಡಿಫೆನ್ಸ್. ಡಿಫೆನ್ಸ್ ಇದ್ದರೇ ಚಾಂಪಿಯನ್‌ಷಿಪ್, ತನಗೆ ಮುಂದಿನ ಮೂರು ನಾಲ್ಕು ವರ್ಷವೇ ಭವಿಷ್ಯ, ಅನ್ನುವ ಅರ್ಥದಲ್ಲಿ ಮಾತಾಡಿದ. ಲೂಕಾಗೆ ಐದು ವರ್ಷಕ್ಕೆ ಸುಮಾರು 345 ಮಿಲಿಯನ್ ಡಾಲರ್ ಒಪ್ಪಂದದ ಅರ್ಹತೆ ಬರುವುದಿತ್ತು, ಅಷ್ಟು ದೊಡ್ಡ ಒಪ್ಪಂದಕ್ಕೆ ಕೈ ಹಾಕಲು ಇವರಿಗೆ ಮನಸ್ಸಿರಲಿಲ್ಲ. ಮೀನಖಂಡದ ನೋವಿನಿಂದ ಲೂಕಾ ಕ್ರಿಸ್‌ಮಸ್ ದಿನದಿಂದ ಹೊರಗೇ ಇದ್ದ, ಅದೂ ಒಂದು ಚಿಂತೆ. ಸರಿ, ಒಪ್ಪೋಣ. ಆದರೆ ಅವನ ಬದಲು ತಂದ ಡೇವಿಸ್‌ಗೆ 31 ದಾಟಿತ್ತು, ಬರುವಾಗಲೇ ಹೊಟ್ಟೆಯ ಸ್ನಾಯು ನೋವು. ಕೈರಿಗೆ 32. ಕ್ಲೇ ಥಾಂಪ್ಸನ್‌ಗೆ 35 ಹತ್ತಿರ. 'ಈಗಲೇ ಗೆಲ್ಲಬೇಕು' ಅನ್ನುವ ಟೀಮಿಗೆ ಮೈ ಗಟ್ಟಿ ಇರಬೇಕು, ಹಿಂದೆ ಬೆಂಚಿನಲ್ಲಿ ಜನ ಇರಬೇಕು. ಎರಡೂ ಇರಲಿಲ್ಲ.

ಸೀಸನ್ ಹೇಗೆ ಕುಸಿಯಿತು ನೋಡು. ಟ್ರೇಡ್ ಆದ ಮರುದಿನವೇ ಕ್ಲೀವ್‌ಲ್ಯಾಂಡ್‌ನಲ್ಲಿ 144-101 ಸೋಲು. ಇನ್ನೆರಡು ದಿನಕ್ಕೆ ಕ್ವೆಂಟಿನ್ ಗ್ರೈಮ್ಸ್‌ನನ್ನು ಫಿಲಡೆಲ್ಫಿಯಾಗೆ ಕೊಟ್ಟು ಕೇಲೆಬ್ ಮಾರ್ಟಿನ್‌ನನ್ನು ತಂದರು. ಗ್ರೈಮ್ಸ್ ಅಲ್ಲಿ ಹೋಗಿ ಗೋಲ್ಡನ್ ಸ್ಟೇಟ್ ಮೇಲೆ 44 ಹೊಡೆದ. ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡಲ್ಲ, ಲೂಕಾ ಸುದ್ದಿಯಲ್ಲಿ ಮುಚ್ಚಿಹೋಯಿತು. ನನ್ನ ಕೇಳಿದರೆ ಅದೂ ಸಣ್ಣ ನಷ್ಟವಲ್ಲ.

ಫೆಬ್ರವರಿ 8ರಂದು ಹ್ಯೂಸ್ಟನ್ ವಿರುದ್ಧ ಡೇವಿಸ್ ಮೊದಲ ಸಲ ಆಡಿದ. ಹೊರಗೆ ಪ್ರತಿಭಟನೆ, ಒಳಗೆ 'ಫೈರ್ ನಿಕೊ', ಅಂದರೆ ನಿಕೊನನ್ನು ಕೆಲಸದಿಂದ ತೆಗೆಯಿರಿ ಅನ್ನುವ ಕೂಗು. ಆ ಗದ್ದಲದಲ್ಲೇ ಅವನು 26 ಪಾಯಿಂಟ್, 16 ರೀಬೌಂಡ್ (ಗುರಿ ತಪ್ಪಿ ವಾಪಸ್ ಬಂದ ಚೆಂಡು ಹಿಡಿಯುವುದು) ತೆಗೆದ. ಏನು ಆಟ ಕಣೋ! ಹ್ಯಾರಿಸನ್ ಹೇಳಿದ ಡಿಫೆನ್ಸ್ ಏನು ಅಂತ ಆವತ್ತು ಕಣ್ಣಿಗೆ ಕಂಡಿತು, ರಿಂಗ್ ಹತ್ತಿರ ಯಾರೂ ಸುಲಭವಾಗಿ ಸುಳಿಯುವ ಹಾಗಿರಲಿಲ್ಲ. ಮೂರನೇ ಕ್ವಾರ್ಟರ್‌ನಲ್ಲಿ ತೊಡೆಸಂದು ಹಿಡಿದುಕೊಂಡು ಹೊರಗೆ ಹೋದ. ಮತ್ತೆ ಅವನು ಅಂಗಳಕ್ಕೆ ಬಂದಿದ್ದು ಮಾರ್ಚ್ 24ಕ್ಕೆ. ಅಂದರೆ ಈ ಟ್ರೇಡ್ ಏನನ್ನು ಕೊಡಬೇಕಿತ್ತೋ ಅದನ್ನು ಅಲ್ಲಿವರೆಗೆ ಊರು ನೋಡಿದ್ದು ಮೂರು ಕ್ವಾರ್ಟರ್ ಕೂಡ ಪೂರ್ತಿ ಅಲ್ಲ.

ಆಮೇಲೆ ಭಾರವೆಲ್ಲ ಕೈರಿ ಮೇಲೆ ಬಿತ್ತು. ಮಾರ್ಚ್ 3, ಸ್ಯಾಕ್ರಮೆಂಟೊ ಜೊತೆ ಪಂದ್ಯ. ಮೊದಲ ಕ್ವಾರ್ಟರ್‌ನಲ್ಲೇ ರಿಂಗ್ ಕಡೆ ನುಗ್ಗಿ ಬಿದ್ದ, ಎಡಮೊಣಕಾಲು ತಿರುಚಿತು. ಫೌಲ್ ಸಿಕ್ಕಿತ್ತು. ಕಣ್ಣಲ್ಲಿ ನೀರು, ಕುಂಟಿಕೊಂಡೇ ಫ್ರೀ ಥ್ರೋ ಗೆರೆಗೆ ಬಂದು ನಿಂತ. ಒಂದು ಹಾಕಿದ. ಎರಡನೆಯದೂ ಹಾಕಿದ. ಆಮೇಲೆ ಬೇರೆಯವರ ಹೆಗಲು ಹಿಡಿದು ಒಳಗೆ ಹೋದ. ಮೊಣಕಾಲಿನೊಳಗಿನ ಎಸಿಎಲ್ ಅನ್ನುವ ಅಸ್ಥಿರಜ್ಜು ಹರಿದಿತ್ತು ಅಂತ ಮರುದಿನ ಗೊತ್ತಾಯಿತು. ಆ ಎರಡು ಫ್ರೀ ಥ್ರೋ ವಿಡಿಯೊ ನೀನು ನೋಡಿಲ್ಲದಿದ್ದರೆ ದಯವಿಟ್ಟು ನೋಡು. ಕಾಲೇಜಿನಲ್ಲಿ ನಾವಿಬ್ಬರೂ ಎಷ್ಟೋ ಫ್ರೀ ಥ್ರೋ ಎಸೆದಿದ್ದೇವಲ್ಲ, ಚೆಂಡಿಗೆ ಬಲ ಬರುವುದೇ ಮೊಣಕಾಲಿಂದ ಅಂತ ನಿನಗೆ ಗೊತ್ತು.

ಮಾರ್ಚ್ ತಿಂಗಳ ಕಥೆ ಇನ್ನೂ ಕಷ್ಟದ್ದು. ಗ್ಯಾಫರ್ಡ್‌ಗೆ ಮೊಣಕಾಲು, ಡೆರಿಕ್ ಲೈವ್ಲಿಗೆ ಪಾದದ ಗಂಟು. ಕೆಲವು ಪಂದ್ಯಗಳಿಗೆ ಆಡುವ ಸ್ಥಿತಿಯಲ್ಲಿ ಎಂಟು ಒಂಬತ್ತು ಜನ ಸಿಗುವುದೇ ಕಷ್ಟವಾಯಿತು. ಎಂಟಕ್ಕಿಂತ ಕಡಿಮೆಯಾದರೆ ಪಂದ್ಯವನ್ನೇ ಬಿಟ್ಟುಕೊಡಬೇಕು. ಹಾಗಿದ್ದರೆ ಹೊಸಬರನ್ನು ತಗೊಳ್ಳಬಹುದಿತ್ತಲ್ಲ ಅಂತ ನೀನು ಕೇಳುತ್ತೀಯ. ಅಲ್ಲೇ ಇರೋದು ವಿಷಯ. ಸಂಬಳದ ಒಟ್ಟು ಮೊತ್ತಕ್ಕೆ ಲೀಗು ಹಾಕಿದ ಮಿತಿಯನ್ನು ಇವರು ಆಗಲೇ ಮುಟ್ಟಿಬಿಟ್ಟಿದ್ದರು. ಉಳಿದ ಜಾಗ ಸುಮಾರು 51 ಸಾವಿರ ಡಾಲರ್, ಎನ್‌ಬಿಎ ಲೆಕ್ಕದಲ್ಲಿ ಅದು ಚಿಲ್ಲರೆ. ಸೀಸನ್ ಮುಗಿಯೋಕೆ ಕೆಲವೇ ದಿನ ಇರುವಾಗ, ಏಪ್ರಿಲ್ 10ಕ್ಕೆ, ಕೊನೆಗೂ ಒಬ್ಬನನ್ನು ಪೂರ್ತಿ ಒಪ್ಪಂದಕ್ಕೆ ಸೇರಿಸಿಕೊಳ್ಳಲು ಆಯಿತು. ಆ ಒಬ್ಬ ಬ್ರ್ಯಾಂಡನ್ ವಿಲಿಯಮ್ಸ್. ಅಲ್ಲಿವರೆಗೆ ಟೂ-ವೇ ಒಪ್ಪಂದದಲ್ಲಿದ್ದ, ಅಂದರೆ ಮುಖ್ಯ ಟೀಮಿಗೂ ಕೆಳಗಿನ ಲೀಗಿನ ಟೀಮಿಗೂ ಆಡುವ ಹುಡುಗ. ಅಂಥವರು 50 ಪಂದ್ಯಕ್ಕಿಂತ ಜಾಸ್ತಿ ಆಡುವ ಹಾಗಿಲ್ಲ, ಹಾಗಾಗಿ ಚೆನ್ನಾಗಿ ಆಡುತ್ತಿದ್ದರೂ ಅವನನ್ನೂ ಕೆಸ್ಲರ್ ಎಡ್ವರ್ಡ್ಸ್‌ನನ್ನೂ ಎಣಿಸಿ ಎಣಿಸಿ ಇಳಿಸಬೇಕಾಗಿತ್ತು. ನಾಜಿ ಮಾರ್ಷಲ್, ಸ್ಪೆನ್ಸರ್ ಡಿನ್‌ವಿಡಿ, ವಯಸ್ಸಾದ ಕ್ಲೇ, ಹಳೇ ಡ್ವೈಟ್ ಪವೆಲ್, ಇವರೆಲ್ಲ ಸೇರಿ ಆ ತಿಂಗಳು ಟೀಮನ್ನು ಎತ್ತಿ ಹಿಡಿದರು. ನನಗೆ ಈ ಸೀಸನ್‌ನಲ್ಲಿ ಅತಿ ಹೆಚ್ಚು ಪ್ರೀತಿ ಇವರ ಮೇಲೆ. ಮೇಲಿನವರು ಕಾಗದದ ಮೇಲೆ ಹಾಕಿದ ಲೆಕ್ಕ ಕೈಕೊಟ್ಟಾಗ ಅಂಗಳದಲ್ಲಿ ಬೆವರು ಸುರಿಸಿದ್ದು ಇವರು.

ಏಪ್ರಿಲ್ 9 ನಿನಗೆ ಗೊತ್ತೇ ಇದೆ, ಲೂಕಾ ಲೇಕರ್ಸ್ ಜೆರ್ಸಿಯಲ್ಲಿ ಡಲ್ಲಾಸ್‌ಗೆ ವಾಪಸ್ ಬಂದ ದಿನ. ನಾನು ಪಕ್ಕದ ಅರ್ವಿಂಗ್ ಊರಿನಿಂದ ಆರೆಂಜ್ ಲೈನ್ ಟ್ರೈನಲ್ಲಿ ಹೋದೆ. ಡಬ್ಬಿಯಲ್ಲಿ ಎಲ್ಲಿ ನೋಡಿದರೂ ಲೂಕಾನ 77 ನಂಬರಿನ ಜೆರ್ಸಿ, ಅರ್ಧ ನೀಲಿ, ಅರ್ಧ ಹಳದಿ. ಒಳಗೆ ಕುರ್ಚಿ ಕುರ್ಚಿಗೂ ಒಂದು ಟಿ-ಶರ್ಟ್ ಇಟ್ಟಿದ್ದರು, ಅವನ ಸ್ಲೊವೇನಿಯನ್ ಭಾಷೆಯಲ್ಲಿ ಎಲ್ಲದಕ್ಕೂ ಥ್ಯಾಂಕ್ಸ್ ಅಂತ ಬರೆದಿದ್ದು. ಪಂದ್ಯಕ್ಕೆ ಮೊದಲು ದೀಪ ಆರಿಸಿ ಅವನ ಹಳೇ ಆಟದ ವಿಡಿಯೊ ಹಾಕಿದರು. ಅವನು ಬೆಂಚಿನಲ್ಲಿ ಒಬ್ಬನೇ ಕೂತು ಮೇಲೆ ನೋಡುತ್ತಿದ್ದ, ಟವೆಲ್‌ನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದ. ನನ್ನ ಪಕ್ಕ ಅಪ್ಪನ ಜೊತೆ ಬಂದಿದ್ದ ಒಬ್ಬ ಚಿಕ್ಕ ಹುಡುಗ ಎದ್ದು ನಿಂತು ಅಳುತ್ತಿದ್ದ, ಅಪ್ಪನೂ ಅಳುತ್ತಿದ್ದ. ಆಮೇಲೆ ಲೂಕಾ 45 ಪಾಯಿಂಟ್ ಹೊಡೆದ. ಎದುರಾಳಿ ಬುಟ್ಟಿಗೆ ಹಾಕಿದಾಗಲೆಲ್ಲ ಮನೆಯ ಅಖಾಡವೇ ಎದ್ದು ಚಪ್ಪಾಳೆ ಹೊಡೆಯಿತು. ನಮ್ಮವರು ಫ್ರೀ ಥ್ರೋ ಎಸೆಯುವಾಗಲೂ 'ಫೈರ್ ನಿಕೊ' ನಿಲ್ಲಲಿಲ್ಲ. 112-97, ಲೇಕರ್ಸ್ ಗೆದ್ದರು. ಅಂಗಳದಲ್ಲಿದ್ದ ನಮ್ಮ ಹುಡುಗರದು ಏನು ತಪ್ಪಿತ್ತು ಹೇಳು? ಅವರ ಮನೆಯಲ್ಲೇ ಅವರು ಹೊರಗಿನವರಾದರು. ಇಷ್ಟಾದ ಮೇಲೂ ಹ್ಯಾರಿಸನ್ ಅದೇ ತಿಂಗಳು ಪತ್ರಕರ್ತರ ಮುಂದೆ ಹೇಳಿದ್ದೇನು ಗೊತ್ತಾ? ಲೂಕಾ ಅಭಿಮಾನಿಗಳಿಗೆ ಬೇಕಾದವನು ಅಂತ ಗೊತ್ತಿತ್ತು, ಈ ಮಟ್ಟಕ್ಕೆ ಅಂತ ಗೊತ್ತಿರಲಿಲ್ಲ ಅಂತ. ಡರ್ಕ್ ಪ್ರತಿಮೆ ಇರುವ ಬಾಗಿಲಲ್ಲಿ ಎಷ್ಟು ಸಲ ಓಡಾಡಿರಬೇಕು ಆ ಮನುಷ್ಯ.

ಈಗ ನಿನ್ನ ಮಾತಿಗೆ ಬರುತ್ತೇನೆ. 39 ಗೆಲುವು, 43 ಸೋಲು, ಲೀಗಿನ ಎರಡು ಗುಂಪುಗಳಲ್ಲಿ ಒಂದಾದ ವೆಸ್ಟ್‌ನಲ್ಲಿ ಹತ್ತನೇ ಸ್ಥಾನ. ನಾಕೌಟ್ ಹಂತವಾದ ಪ್ಲೇಆಫ್‌ಗೆ ಅರ್ಹತೆ ಕೊಡುವ ಪ್ಲೇ-ಇನ್‌ನಲ್ಲಿ ಸ್ಯಾಕ್ರಮೆಂಟೊವನ್ನು ಸೋಲಿಸಿದರು. ಮೆಂಫಿಸ್‌ನಲ್ಲಿ ಇನ್ನೊಂದು ಗೆದ್ದಿದ್ದರೆ ಪ್ಲೇಆಫ್. ಡೇವಿಸ್ ಆವತ್ತು 40 ಪಾಯಿಂಟ್ ಹಾಕಿದ, ನೋವು ಇಟ್ಟುಕೊಂಡೇ ಆಡಿದ, ಆದರೂ ಸೋಲು. ಸೋತಿದ್ದಕ್ಕೇ ಲಾಟರಿಯಲ್ಲಿ, ಅಂದರೆ ಪ್ಲೇಆಫ್ ತಲುಪದ ಟೀಮುಗಳಲ್ಲಿ ಡ್ರಾಫ್ಟ್‌ನ ಮೊದಲ ಸರದಿ ಯಾರಿಗೆ ಅಂತ ಚೀಟಿ ಎತ್ತುವಲ್ಲಿ, ಇವರ ಹೆಸರು ಬಂತು. ಮೊದಲ ಪಿಕ್ ಬರುವ ಸಾಧ್ಯತೆ ಶೇ 1.8. ಮೇ 12ರಂದು ಶಿಕಾಗೋದಲ್ಲಿ ಹಳೇ ಆಟಗಾರ ರೊಲಾಂಡೊ ಬ್ಲ್ಯಾಕ್‌ಮನ್ ಟೀಮಿನ ಪರ ಕೂತಿದ್ದ, ಅದೃಷ್ಟ ಹೊಡೆಯಿತು, ಡ್ಯೂಕ್ ಯೂನಿವರ್ಸಿಟಿಯ 18 ವರ್ಷದ ಫ್ಲ್ಯಾಗ್ ಬಂದ.

ಮೆಂಫಿಸ್‌ನಲ್ಲಿ ಡೇವಿಸ್ ಗೆಲ್ಲಿಸಿಬಿಟ್ಟಿದ್ದರೆ ಫ್ಲ್ಯಾಗ್ ಇಲ್ಲ. ಅಂದರೆ ಟ್ರೇಡ್ ಅಂದುಕೊಂಡ ಹಾಗೆ ನಡೆದಿದ್ದರೆ ಈ ಹುಡುಗ ಇನ್ನೊಂದು ಊರಲ್ಲಿರುತ್ತಿದ್ದ. ಟ್ರೇಡ್ ಕೆಟ್ಟಿದ್ದಕ್ಕೆ ಇವನು ಸಿಕ್ಕಿದ್ದು. ಅದನ್ನೇ ಟ್ರೇಡ್ ಸರಿ ಅನ್ನೋದಕ್ಕೆ ಸಾಕ್ಷಿ ಮಾಡಿದರೆ ಹೇಗೆ? ಒಂದು ನಿರ್ಧಾರ ಒಳ್ಳೆಯದೋ ಕೆಟ್ಟದ್ದೋ ಅಂತ ನೋಡಬೇಕಾದ್ದು ಅದನ್ನು ತಗೊಂಡ ರಾತ್ರಿ ಅವರ ಕೈಲಿ ಏನಿತ್ತು, ಏನು ಗೊತ್ತಿತ್ತು ಅನ್ನುವುದರಿಂದ. ಆ ರಾತ್ರಿ ಲಾಟರಿ ಅವರ ಲೆಕ್ಕದಲ್ಲಿ ಇರಲೇ ಇಲ್ಲ. ಇನ್ನೊಂದು ವಿಷಯ, 2027ರಿಂದ 2030ರವರೆಗೆ ಇವರ ಸ್ವಂತ ಮೊದಲ ಸುತ್ತಿನ ಪಿಕ್‌ಗಳು ಬಹುಮಟ್ಟಿಗೆ ಬೇರೆ ಟೀಮುಗಳ ಹಿಡಿತದಲ್ಲಿವೆ. ಹಾಗಿದ್ದೂ ಲೂಕಾಗೆ ಪ್ರತಿಯಾಗಿ ಕೇಳಿದ್ದು ಒಂದೇ ಪಿಕ್.

ಡೇವಿಸ್ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಅವನನ್ನೂ ಕೇಳಿ ಮಾಡಿದ್ದಲ್ಲ ಇದು. ಫ್ಲ್ಯಾಗ್ ಬಗ್ಗೆ ಅಂತೂ ಆಸೆ ತುಂಬಾ ಇದೆ. ಮೊನ್ನೆ ಹೊಸ ಹುಡುಗರು ಆಡುವ ಸಮ್ಮರ್ ಲೀಗ್‌ನಲ್ಲಿ ಸ್ಯಾನ್ ಆಂಟೋನಿಯೊ ಮೇಲೆ 31 ಹೊಡೆದ. ಅದಕ್ಕಿಂತ ನನಗೆ ಇಷ್ಟವಾಗಿದ್ದು ಚೆಂಡು ಕಳೆದುಕೊಂಡ ತಕ್ಷಣ ಅವನು ಹಿಂದಕ್ಕೆ ಓಡುವ ರೀತಿ, ಒಂದು ಸಲವೂ ರೆಫರಿ ಕಡೆ ತಿರುಗಿ ಕೈ ಚಾಚಲ್ಲ. ಅವನನ್ನು 'ಲೂಕಾ ಬದಲಿಗೆ ಬಂದವನು' ಅಂತ ಮಾತ್ರ ಕರೀಬೇಡ. ಆ ಭಾರ ಅವನ ತಲೆ ಮೇಲೆ ಯಾಕೆ?

ವೇಳಾಪಟ್ಟಿ ಆಗಸ್ಟ್‌ನಲ್ಲಿ ಬರುತ್ತೆ. ಡಿಸೆಂಬರ್‌ನಲ್ಲಿ ನೀನು ಬರೋದು ಖಾತ್ರಿಯಾದರೆ ಬೇಗ ಹೇಳು, ಟಿಕೆಟ್ ತೆಗೀಬೇಕು. ಕೈರಿ ಆ ಹೊತ್ತಿಗೆ ಬರೋದು ಅನುಮಾನ, ಆದರೆ ಲೈವ್ಲಿ, ಡೇವಿಸ್, ಫ್ಲ್ಯಾಗ್ ಮೂವರನ್ನೂ ಒಟ್ಟಿಗೆ ಅಂಗಳದಲ್ಲಿ ನೋಡಬೇಕು ಅಂತ ನನಗೆ ತುಂಬಾ ಇದೆ. ನನ್ನ ಮಾತಲ್ಲಿ ಎಲ್ಲಿ ಒಪ್ಪಿಗೆ ಇಲ್ಲ ಅಂತ ಬರಿ. ಫೋನ್ ಬೇಡ, ಪತ್ರವನ್ನೇ ಬರಿ.

ನಿನ್ನ ಗೆಳೆಯ